ಮೂಗಿನ ಎಣ್ಣೆಯೂ ನಿರ್ಜರೆಯೂ

ನಮ್ಮ ವಂಶದಲ್ಲಿ ಮನೆ, ಜಮೀನು ಪಾಲಾಗುವಾಗ ಜಗಳವಾಗಿದ್ದುಂಟು. ಎಣ್ಣೆ ಮುಖ ಮಾತ್ರ ಯಾರ ತಕರಾರೂ ಇಲ್ಲದೆ ಎಲ್ಲರಿಗೂ ಸಮಪಾಲು ಬಂದಿದೆ. ಅಜ್ಜಿ, ಅಮ್ಮ, ಚಿಕ್ಕಮ್ಮ, ನಾನು, ನಮ್ಮಲ್ಲಿ ಯಾರದ್ದೇ ಆದರೂ ಮಧ್ಯಾಹ್ನವಾಯಿತೆಂದರೆ ಹಣೆ, ಮೂಗು, ಗದ್ದ ಮೂರೂ ಫಳಫಳ. ಅಜ್ಜಿ ಸೆರಗಿನ ತುದಿಯಲ್ಲಿ ಒರೆಸಿಕೊಂಡು ಮುಂದಿನ ಕೆಲಸಕ್ಕೆ ಏಳುತ್ತಿದ್ದಳು. ನಾನು ಮೈಸೂರಿನಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡುವವಳು, ಅಷ್ಟು ಸುಲಭವಾಗಿ ಏಳಲಿಲ್ಲ. ನಲವತ್ತು ದಾಟಿದ ಮೇಲೆ ಮೂಗಿನ ಎರಡೂ ಪಕ್ಕದಲ್ಲಿ ಕಪ್ಪು ಚುಕ್ಕಿಗಳು ಕಾಯಂ ಆದವು; ಗದ್ದ ಸವರಿದರೆ ರವೆ ಅಂಟಿಸಿದಂತೆ ಕೈಗೆ ತರಿತರಿ ಸಿಗತೊಡಗಿತು. ಚರ್ಮದ ಡಾಕ್ಟರ ಹತ್ತಿರ ಹೋದೆ.

ಆಕೆ ಭೂತಗನ್ನಡಿ ಹಿಡಿದು ನೋಡಿ, ‘ಮೇಡಂ, ಇದು ಕೊಳೆಯಲ್ಲ. ಮೊದಲು ಉಜ್ಜೋದು ಬಿಡಿ’ ಎಂದರು. ತಲೆಗೆ ಎಣ್ಣೆ ಹಚ್ಚಿಕೊಂಡು ಹಾಗೇ ಮಲಗಬಾರದು, ಮುಖಕ್ಕೆ ದಪ್ಪ ಕ್ರೀಮು ಬಳಿಯಬಾರದು, ವಾರದಲ್ಲಿ ಎರಡು ರಾತ್ರಿ ಎರಡು ಪರ್ಸೆಂಟ್ ಸ್ಯಾಲಿಸಿಲಿಕ್ ಆಸಿಡ್ ಹಚ್ಚಬೇಕು, ಉರಿ ಬಂದರೆ ನಿಲ್ಲಿಸಬೇಕು, ಹಗಲು ಸನ್‌ಸ್ಕ್ರೀನ್ ಮರೆಯಬಾರದು. ಇಷ್ಟೇ ಚಿಕಿತ್ಸೆ.

ಆ ದಿನಗಳಲ್ಲೇ ಹಾಸನದಿಂದ ಚಿಕ್ಕಮ್ಮ ಬಂದಿದ್ದರು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವರು ವ್ರತ ಹಿಡಿದಿದ್ದಾರೆ. ದಿನಕ್ಕೊಂದೇ ಊಟ, ಅದೂ ಸೂರ್ಯ ಮುಳುಗುವುದಕ್ಕೆ ಮುಂಚೆ. ನೀರು ಸೋಸದೆ ಕುಡಿಯುವುದಿಲ್ಲ. ಇರುವುದು ನಾಲ್ಕು ಬಿಳಿ ಸೀರೆ. ಆದರೆ ನಗು ಬಿಟ್ಟವರಲ್ಲ. ಬಚ್ಚಲುಮನೆಯ ಕಿಟಕಿಯಲ್ಲಿದ್ದ ಸಣ್ಣ ಬಾಟಲಿಯನ್ನು ಕೈಗೆತ್ತಿಕೊಂಡು, ‘ಏನೇ ಇದು, ಕಣ್ಣಿಗೆ ಬಿಡೋ ಔಷಧಿನಾ?’ ಅಂದರು.

‘ಅಲ್ಲ ಚಿಕ್ಕಮ್ಮ, ಆಸಿಡ್ಡು. ಮುಖಕ್ಕೆ.’

‘ಅಯ್ಯೋ, ಆಸಿಡ್ಡಾ!’

ಹೆದರಬೇಡಿ ಅಂದೆ. ಕಾಲಿನ ಆಣಿಗೆ ಅವರು ಹಚ್ಚಿಕೊಳ್ಳುತ್ತಿದ್ದ ಪಟ್ಟಿಯಲ್ಲಿ ಇರುವುದೂ ಇದೇ ಅಂದೆ. ಆಣಿಪಟ್ಟಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ ನಲವತ್ತು ಭಾಗ ಇರುತ್ತದೆ, ಇದರಲ್ಲಿ ಎರಡೇ ಭಾಗ. ಮೇಲಿನ ಸತ್ತ ಪದರ ಕಳಚಿಕೊಳ್ಳುತ್ತೆ, ರಂಧ್ರದಲ್ಲಿ ಗಟ್ಟಿಯಾಗಿ ಕೂತ ಎಣ್ಣೆ ಸಡಿಲವಾಗುತ್ತೆ ಎಂದು ಪಾಠ ಒಪ್ಪಿಸಿದೆ. ಅವರು ಬಾಟಲಿಯನ್ನು ಇದ್ದಲ್ಲೇ ಇಟ್ಟು, ‘ಕಳಚೋದಕ್ಕೆ ಬೇರೆ ಎಷ್ಟೋ ಇದೆ ಕಣೇ. ಅದೆಲ್ಲ ಬಿಟ್ಟು ಮೂಗು ಹಿಡ್ಕೊಂಡ್ಯಾ?’ ಎಂದು ನಕ್ಕರು.

ತಮಾಷೆಗೆ ಆಡಿದ ಮಾತು. ಆದರೆ ತಮಾಷೆಯ ಕೆಳಗಿದ್ದ ಪ್ರಶ್ನೆ ತಮಾಷೆಯದ್ದಲ್ಲ. ದೇಹ ಬೇರೆ, ಆತ್ಮ ಬೇರೆ ಎಂದು ಬಸದಿಯಲ್ಲಿ ದಿನಾ ಕೇಳುವವಳು, ಮನೆಗೆ ಬಂದು ಕನ್ನಡಿಯ ಮುಂದೆ ರಂಧ್ರಗಳ ಲೆಕ್ಕ ಹಾಕುತ್ತಾಳೆ ಎಂದರೆ ಕೇಳಿದ್ದೆಲ್ಲ ಎಲ್ಲಿ ಹೋಯಿತು? ಚರ್ಮದ ಆರೈಕೆ ಮೋಹವೇ? ಶ್ರಾವಕಿಗೆ, ಅಂದರೆ ಜೈನ ಗೃಹಸ್ಥೆಗೆ, ಅದು ಎಷ್ಟರ ಮಟ್ಟಿಗೆ ಸಲ್ಲುತ್ತದೆ?

ಮೊದಲು ಆ ಬಾಟಲಿಯಲ್ಲಿ ಇರುವುದೇನು ಎಂದು ನೋಡೋಣ. ಧರ್ಮದ ಪ್ರಶ್ನೆಗೂ ವಸ್ತುವಿನ ತಿಳಿವಳಿಕೆ ಬೇಕು. ವಿಲೋ ಮರದ ತೊಗಟೆಯ ಸಂಬಂಧದಿಂದ ಹೆಸರು ಪಡೆದ ಈ ಆಮ್ಲವನ್ನು ಕಾರ್ಖಾನೆಗಳು ಈಗ ಮರದಿಂದ ತೆಗೆಯುವುದಿಲ್ಲ. ಎರಡನೇ ಪಿಯುಸಿಯ ಫೀನಾಲ್ ಪಾಠದಲ್ಲಿ ಕೋಲ್ಬೆ ಕ್ರಿಯೆ ಎಂದು ಬರುತ್ತದೆ: ಫೀನಾಲಿಗೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ, ಕೊನೆಯಲ್ಲಿ ಆಮ್ಲ ಹಾಕಿದರೆ ಕೈಗೆ ಬರುವುದೇ ಸ್ಯಾಲಿಸಿಲಿಕ್ ಆಸಿಡ್. ಆಸ್ಪಿರಿನ್ ಮಾತ್ರೆಯ ಮೂಲವೂ ಇದೇ. ಪರೀಕ್ಷೆಯಲ್ಲಿ ತಪ್ಪದೆ ಕೇಳಬಹುದಾದ ಪ್ರಶ್ನೆ ಎಂದು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ.

ಚರ್ಮ ಕಳಚಿಸುವ ಆಮ್ಲಗಳಲ್ಲಿ ಎರಡು ಪಂಗಡ. ಹುಳಿಹಾಲಿನ ಲ್ಯಾಕ್ಟಿಕ್, ಕಬ್ಬಿನ ರಸದಲ್ಲೂ ಇರುವ ಗ್ಲೈಕಾಲಿಕ್, ಕಹಿ ಬಾದಾಮಿಯ ಮ್ಯಾಂಡೆಲಿಕ್ ಒಂದು ಕಡೆ. ಇವು ಮುಖ್ಯವಾಗಿ ಚರ್ಮದ ಮೇಲ್ಮೈಯಲ್ಲಿ ಕೆಲಸ ಮಾಡುತ್ತವೆ. ಅವುಗಳಲ್ಲಿ ಮ್ಯಾಂಡೆಲಿಕ್ ಸಾಧುಪ್ರಾಣಿ. ಅದರ ಅಣುತೂಕ 152, ಗ್ಲೈಕಾಲಿಕ್‌ನದು 76. ದೊಡ್ಡ ಅಣು ನಿಧಾನವಾಗಿ ಇಳಿಯುವುದರಿಂದ ಉರಿ ಕಡಿಮೆ. ಇನ್ನೊಂದು ಕಡೆ ಸ್ಯಾಲಿಸಿಲಿಕ್. ಇದು ಎಣ್ಣೆಯಲ್ಲಿ ಕರಗುತ್ತದೆ. ಎಣ್ಣೆ ತುಂಬಿದ ರಂಧ್ರದೊಳಕ್ಕೆ ಎಣ್ಣೆಯ ಜೊತೆಗೇ ಇಳಿಯಬಲ್ಲದು. ನನ್ನಂಥ ಮೂಗಿಗೆ ಡಾಕ್ಟರು ಇದನ್ನೇ ಬರೆದುಕೊಡುವುದು ಅದಕ್ಕೆ.

ಚರ್ಮದ ತೀರ ಮೇಲಿನ ಪದರದಲ್ಲಿರುವುದು ಸತ್ತ ಕೋಶಗಳು. ಒಂದಕ್ಕೊಂದು ಪ್ರೋಟೀನಿನ ಕೊಂಡಿ ಹಾಕಿಕೊಂಡಿರುತ್ತವೆ. ಆ ಕೊಂಡಿಗಳನ್ನು ಕತ್ತರಿಸುವ ಕಿಣ್ವಗಳು ಚರ್ಮದಲ್ಲೇ ಇವೆ. ಕೆಳಗಿನಿಂದ ಹೊಸ ಕೋಶ ಏರಿ ಬಂದಂತೆ ಮೇಲಿನದು ಉದುರುತ್ತದೆ. ಹರೆಯದಲ್ಲಿ ಇದಕ್ಕೆ ಸುಮಾರು ನಾಲ್ಕು ವಾರ ಸಾಕು, ವಯಸ್ಸಾದಂತೆ ನಿಧಾನ. ಕೂದಲಿನ ರಂಧ್ರದ ಒಳಗೋಡೆಯಲ್ಲಿ ಹೀಗೆ ಉದುರಬೇಕಾದದ್ದು ಉದುರದೆ ಎಣ್ಣೆಯೊಂದಿಗೆ ಬೆರೆತು ಬಾಯಿ ಮುಚ್ಚಿದರೆ ಬಿರಡೆಯಾಗುತ್ತದೆ. ಬಾಯಿ ತೆರೆದಿದ್ದರೆ ತುದಿಗೆ ಗಾಳಿ ತಗುಲಿ, ಚರ್ಮದ ಬಣ್ಣವೇ ಆದ ಮೆಲನಿನ್ ಸೇರಿ ಕಪ್ಪಾಗುತ್ತದೆ. ಎಲ್ಲರೂ ಧೂಳು ಎಂದುಕೊಂಡು ಉಜ್ಜುವುದು ಇದನ್ನೇ. ಆಮ್ಲ ಮಾಡುವುದು ಕೊಂಡಿ ಸಡಿಲಿಸುವುದನ್ನು ಮಾತ್ರ. ಉದುರುವುದು ಚರ್ಮದ್ದೇ ಕೆಲಸ.

ರಾತ್ರಿ ಮುಖ ತೊಳೆದು, ಟವೆಲಿನಿಂದ ಒತ್ತಿ, ತೇವ ಪೂರ್ತಿ ಆರುವ ತನಕ ಕಾಯುತ್ತೇನೆ. ಅಂಗೈಗೆ ಮೂರು ಹನಿ. ನೋಡಲು ನೀರು, ಬೆರಳಿಗೆ ಸ್ವಲ್ಪ ಅಂಟು. ಮೂಗಿನ ಹೊಳ್ಳೆಯ ಮಡಿಕೆಯಲ್ಲಿ, ಗದ್ದದ ಗುಳಿಯಲ್ಲಿ, ಹಣೆಯ ನಡುವೆ ತೆಳ್ಳಗೆ ಸವರಿದರೆ ಹೊಳ್ಳೆಯ ಹತ್ತಿರ ಒಂದು ಚುರುಕು ಎದ್ದು, ಹಲ್ಲುಜ್ಜಿ ಮುಗಿಯುವಷ್ಟರಲ್ಲಿ ಇಳಿಯುತ್ತದೆ. ಮರುದಿನ ಪವಾಡವೇನೂ ನಡೆದಿರುವುದಿಲ್ಲ. ವಾರಗಳು ಕಳೆದ ಮೇಲೆ ಯಾವಾಗಲೋ ಪಾಠದ ನಡುವೆ ಗದ್ದಕ್ಕೆ ಕೈ ಹೋದಾಗ ತರಿ ಸಿಗಲಿಲ್ಲ. ಮೂಗಿನ ಚುಕ್ಕಿಗಳು ಸಣ್ಣಗಾದವು, ಹೋಗಲಿಲ್ಲ. ಮೂಗನ್ನು ಹಿಂಡಿದರೆ ಬರುವ ಬೂದುಬಣ್ಣದ ಎಳೆಗಳು ರೋಗವೇ ಅಲ್ಲ, ಎಣ್ಣೆ ಹೊರಗೆ ಹರಿಯುವ ದಾರಿ, ತೆಗೆದರೂ ತಿಂಗಳೊಪ್ಪತ್ತಿನಲ್ಲಿ ಮತ್ತೆ ತುಂಬುತ್ತವೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಈಗ ಚಿಕ್ಕಮ್ಮನ ಕಡೆಯ ವಾದ. ಅದನ್ನು ಪೂರ್ತಿ ತೂಕದಲ್ಲಿ ಇಡಬೇಕು, ಹಗುರ ಮಾಡಿ ಗೆಲ್ಲುವುದರಲ್ಲಿ ಅರ್ಥವಿಲ್ಲ.

ದಿಗಂಬರ ಮುನಿಗಳಿಗೆ ಇಪ್ಪತ್ತೆಂಟು ಮೂಲಗುಣಗಳು. ಅವುಗಳಲ್ಲಿ ಅಸ್ನಾನವೂ ಒಂದು, ಹಲ್ಲುಜ್ಜದಿರುವುದೂ ಒಂದು. ಕೂದಲನ್ನು ಕತ್ತರಿ ಮುಟ್ಟಿಸದೆ ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಮುನಿಗಳ ಆಹಾರಕ್ಕೆ ಕಾದು ನಿಂತಾಗ ಅವರ ಮೈಮೇಲೆ ಬೆವರು ಒಣಗಿ ಬಿಳಿ ಗೆರೆ ಬಿದ್ದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಅಜ್ಜಿ ಆ ಪಾದಗಳನ್ನು ತೊಳೆದ ನೀರನ್ನು ತಲೆಗೆ ಹಚ್ಚಿಕೊಳ್ಳುತ್ತಿದ್ದಳು. ಹನ್ನೆರಡು ಅನುಪ್ರೇಕ್ಷೆಗಳನ್ನು, ಅಂದರೆ ಮತ್ತೆ ಮತ್ತೆ ಮನಸ್ಸಿನಲ್ಲಿ ಹಾಯಿಸಿಕೊಳ್ಳಬೇಕಾದ ಚಿಂತನೆಗಳನ್ನು ತತ್ತ್ವಾರ್ಥಸೂತ್ರ ಪಟ್ಟಿ ಮಾಡುತ್ತದೆ. ಆರನೆಯದು ಅಶುಚಿ: ಈ ದೇಹ ಎಷ್ಟು ತೊಳೆದರೂ ಸ್ವಭಾವತಃ ಅಶುಚಿಯೇ ಎಂಬ ಭಾವನೆ. ರಂಧ್ರ ರಂಧ್ರದಿಂದ ಸೋರುವುದನ್ನು ಎಷ್ಟೆಂದು ಒರೆಸುತ್ತೀ ಎಂದು ಅದು ಕೇಳುತ್ತದೆ. ಇದಕ್ಕೆ ನನ್ನ ಮೂಗಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇನ್ನು ಶ್ರವಣಬೆಳಗೊಳದ ದೊಡ್ಡಬೆಟ್ಟ. ಚಾವುಂಡರಾಯ 981ರ ಸುಮಾರಿಗೆ ನಿಲ್ಲಿಸಿದ ಐವತ್ತೆಂಟು ಅಡಿಯ ಗೊಮ್ಮಟ ನಿಂತಿರುವುದು ಕಾಯೋತ್ಸರ್ಗದಲ್ಲಿ, ದೇಹವನ್ನು ಬಿಟ್ಟುಕೊಟ್ಟ ಭಂಗಿಯಲ್ಲಿ. ಕಾಲ ಬಳಿ ಹುತ್ತ, ಹುತ್ತದಲ್ಲಿ ಹಾವು. ತೊಡೆಯನ್ನೂ ತೋಳನ್ನೂ ಬಳ್ಳಿ ಸುತ್ತಿಕೊಂಡಿದೆ. ಮೈಮೇಲೆ ಬಳ್ಳಿ ಹಬ್ಬಿದರೂ ಗಮನವಿಲ್ಲದವನನ್ನು ದೇವರೆಂದು ಪೂಜಿಸುವವಳು ಮೂಗಿನ ಚುಕ್ಕಿಗೆ ಆಸಿಡ್ ಹುಡುಕುತ್ತಾಳೆ!

ಇಷ್ಟು ಗಟ್ಟಿಯಾದ ವಾದಕ್ಕೆ ನನ್ನ ಮೊದಲ ಉತ್ತರ ಬಹಳ ಸರಳ. ಅಸ್ನಾನ ಮುನಿಯ ವ್ರತ, ಗೃಹಸ್ಥರದಲ್ಲ. ಗೃಹಸ್ಥರಿಗೆ ಸ್ನಾನವಿಲ್ಲದೆ ಪೂಜೆಯೇ ಇಲ್ಲ. ನಮ್ಮ ಪುರಾಣಕಥೆಯಲ್ಲಿ ಶ್ರೀಪಾಲನಿಗೆ ಕುಷ್ಠವಾದಾಗ ಹೆಂಡತಿ ಮೈನಾಸುಂದರಿ ಅದನ್ನು ಕರ್ಮಫಲ ಎಂದು ಕೈಕಟ್ಟಿ ಕೂರಲಿಲ್ಲ. ಸಿದ್ಧಚಕ್ರದ ಆರಾಧನೆ ಮಾಡಿ ಗಂಧೋದಕವನ್ನು, ಅಂದರೆ ಅಭಿಷೇಕದ ನೀರನ್ನು, ಗಂಡನ ಮೈಗೂ, ಅವನ ಜೊತೆಗಿದ್ದ ಕುಷ್ಠರೋಗಿಗಳ ಮೈಗೂ ಚಿಮುಕಿಸಿದಳು, ಚರ್ಮ ವಾಸಿಯಾಯಿತು ಎಂದು ಕಥೆ. ಈ ಧರ್ಮದಲ್ಲಿ ಚರ್ಮ ವಾಸಿಯಾಗುವುದು ಸಂತೋಷದ ಸಂಗತಿಯೇ. ಆದರೆ ಗೃಹಸ್ಥೆ ಎನ್ನುವ ವಿನಾಯಿತಿ ಪತ್ರ ತೋರಿಸಿ ದಾಟಿಕೊಳ್ಳುವುದು ಸಾಲದು. ವಿನಾಯಿತಿ ಇದೆ ಎಂದರೆ ಸರಿ ಎಂದಾಗುವುದಿಲ್ಲ, ಸದ್ಯಕ್ಕೆ ಸಹಿಸಿದ್ದಾರೆ ಎಂದಷ್ಟೇ ಆಗುತ್ತದೆ.

ಚಿಕ್ಕಮ್ಮನ ಎರಡನೇ ಪ್ರಶ್ನೆ ಅಹಿಂಸೆಯದ್ದು. ಊಟಕ್ಕೆ ಕೂತಾಗ ಕೇಳಿದರು: ‘ಅದರಲ್ಲಿ ಯಾವ ಜೀವದ್ದೂ ಏನೂ ಇಲ್ವಷ್ಟೆ?’ ಫೀನಾಲಿನಿಂದ ಆದದ್ದು, ಜೀವದ್ದು ಏನಿಲ್ಲ ಅಂದೆ. ಬಾಟಲಿಯ ಮೇಲಿನ ಉಳಿದ ಹೆಸರುಗಳನ್ನೂ ಒಂದೊಂದಾಗಿ ಓದಿ ಹೇಳಿದೆ. ಗ್ಲಿಸರಿನ್ ಅಂದಾಗ ತಡೆದರು. ಅದು ಕೊಬ್ಬಿನಿಂದಲೂ ಬರಬಹುದು, ಗಿಡದ ಎಣ್ಣೆಯಿಂದಲೂ ಬರಬಹುದು. ಡಬ್ಬದ ಮೇಲೆ ಸಸ್ಯಮೂಲ ಎಂದು ಬರೆದಿತ್ತು, ಸುಮ್ಮನಾದರು. ಆಮೇಲೆ ನಾನೇ ಸುಮ್ಮನಿರಲಾರದೆ, ರಂಧ್ರದೊಳಗೆ ಇರುವವರ ವಿಷಯ ಎತ್ತಿದೆ.

ಇರುವವರು ಇದ್ದಾರೆ. ಎಣ್ಣೆಯನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಡೆಮೊಡೆಕ್ಸ್ ಎಂಬ ಸಣ್ಣ ನುಸಿಯೂ ಇದೆ, ಉದ್ದ ಸುಮಾರು ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ. ವಯಸ್ಕರಲ್ಲಿ ಹೆಚ್ಚಿನವರ ಮುಖದ ರಂಧ್ರಗಳಲ್ಲಿ ಅದು ತಲೆ ಕೆಳಗಾಗಿ ವಾಸಮಾಡುತ್ತದೆ. ದೇಹದಲ್ಲೂ ಅದರ ಮಲಗಳಲ್ಲೂ ಕಣ್ಣಿಗೆ ಕಾಣದ ಜೀವಿಗಳು ಹುಟ್ಟುತ್ತಲೇ ಇರುತ್ತವೆ ಎಂದು ಸೂಕ್ಷ್ಮದರ್ಶಕ ಬರುವುದಕ್ಕೆ ಎಷ್ಟೋ ಮೊದಲು ಹೇಳಿದ ಶಾಸ್ತ್ರದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮುನಿಗಳು ಸ್ನಾನ ಬಿಡುವುದಕ್ಕೆ ಮೈಯ ನಿರ್ಲಕ್ಷ್ಯ ಒಂದು ಕಾರಣವಾದರೆ, ನೀರಿನಲ್ಲಿರುವ ಮತ್ತು ಮೈಮೇಲಿರುವ ಜೀವಿಗಳ ಬಗೆಗಿನ ದಯೆ ಇನ್ನೊಂದು.

ಚಿಕ್ಕಮ್ಮ ಇದನ್ನು ಕೇಳಿ ಹೌಹಾರುತ್ತಾರೆ ಎಂದುಕೊಂಡಿದ್ದೆ. ಅವರು ಮಜ್ಜಿಗೆ ಲೋಟ ಕೆಳಗಿಟ್ಟು, ‘ಮುಖ ತೊಳೆದರೂ ಸಾಯ್ತವೆ, ಒಲೆ ಹಚ್ಚಿದರೂ ಸಾಯ್ತವೆ. ನಮ್ಮ ವ್ರತ ಇರೋದು ಸಂಕಲ್ಪ ಮಾಡಿ ಕೊಲ್ಲಬಾರದು ಅಂತ. ನೀನು ಕೊಲ್ಲೋಕೆ ಹಚ್ತೀಯಾ, ಕಳಚೋಕೆ ಹಚ್ತೀಯಾ?’ ಎಂದರು. ಹಿಂಸೆಯಲ್ಲಿ ನಾಲ್ಕು ಬಗೆ: ಸಂಕಲ್ಪದ್ದು, ಮನೆಗೆಲಸದ್ದು, ದುಡಿಮೆಯದ್ದು, ಎದುರಿಸಿ ನಿಲ್ಲುವಾಗಿನದು. ಗೃಹಸ್ಥರು ಪೂರ್ತಿ ಬಿಡಬೇಕಾದದ್ದು ಮೊದಲನೆಯದನ್ನು, ಉಳಿದ ಮೂರನ್ನು ಸಾಧ್ಯವಾದಷ್ಟು ಕಡಿಮೆ ಮಾಡುತ್ತ ಹೋಗಬೇಕು. ಸ್ಯಾಲಿಸಿಲಿಕ್‌ನ ಮುಖ್ಯ ಕೆಲಸ ಕೊಂಡಿ ಸಡಿಲಿಸುವುದು. ಕೊಲ್ಲುವುದಕ್ಕೆಂದೇ ಇರುವ ಮುಲಾಮುಗಳು ಬೇರೆ ಇವೆ, ರೋಗ ಬಲಿತರೆ ಅವೂ ಬೇಕಾಗುತ್ತವೆ. ಸಾಕಾಗುವಷ್ಟು ಮೃದುವಾದದ್ದರಿಂದ ಶುರುಮಾಡು ಎಂದು ಡಾಕ್ಟರು ಹೇಳುವುದಕ್ಕೂ, ಸಾಧ್ಯವಾದಷ್ಟು ಕಡಿಮೆ ಮಾಡು ಎಂದು ಶ್ರಾವಕಾಚಾರ ಹೇಳುವುದಕ್ಕೂ ಅಷ್ಟು ದೂರವೇನಿಲ್ಲ.

ಹಾಗಾದರೆ ಮೊದಲ ಪ್ರಶ್ನೆಯೇ ಉಳಿಯಿತು. ಕಳಚಬೇಕಾದದ್ದನ್ನು ಬಿಟ್ಟು ಮೂಗು ಹಿಡಿದೆನೇ?

ಇದನ್ನು ಕೇಳಿದವರಿಗೂ ಕೇಳಿಸಿಕೊಂಡವಳಿಗೂ ಗೊತ್ತಿದ್ದ ಒಂದು ವಿಷಯವಿದೆ. ನಮ್ಮಲ್ಲಿ ಕರ್ಮ ಎಂದರೆ ಪಾಪಪುಣ್ಯದ ಲೆಕ್ಕಪುಸ್ತಕವಲ್ಲ. ಅದು ಪುದ್ಗಲ, ಅತಿ ಸೂಕ್ಷ್ಮವಾದ ದ್ರವ್ಯ. ಬಂದು ಆತ್ಮಕ್ಕೆ ಅಂಟಿಕೊಳ್ಳುತ್ತದೆ. ಬರುವುದು ಆಸ್ರವ, ಅಂಟುವುದು ಬಂಧ, ಬರುವುದನ್ನು ತಡೆಯುವುದು ಸಂವರ, ಅಂಟಿದ್ದನ್ನು ಕಳಚುವುದು ನಿರ್ಜರೆ. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಎಣ್ಣೆ ಬಳಿದುಕೊಂಡವನ ದೃಷ್ಟಾಂತ ಕೊಡುತ್ತಾರೆ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡವನೊಬ್ಬ ಧೂಳಿನ ಜಾಗದಲ್ಲಿ ನಿಂತು ಆಯುಧ ಹಿಡಿದು ವ್ಯಾಯಾಮ ಮಾಡುತ್ತಾನೆ, ತಾಳೆ ಬಾಳೆ ಬಿದಿರುಗಳನ್ನು ಕಡಿಯುತ್ತಾನೆ. ಮೈಯೆಲ್ಲ ಧೂಳು. ಎಣ್ಣೆಯನ್ನು ಪೂರ್ತಿ ತೆಗೆದವನೊಬ್ಬ ಅದೇ ಜಾಗದಲ್ಲಿ ಅದೇ ಕೆಲಸ ಮಾಡಿದರೆ ಧೂಳು ನಿಲ್ಲುವುದಿಲ್ಲ. ಧೂಳು ಹಿಡಿದದ್ದು ವ್ಯಾಯಾಮದಿಂದಲ್ಲ, ಎಣ್ಣೆಯಿಂದ. ಆತ್ಮದ ಮೇಲಿನ ಎಣ್ಣೆ ಯಾವುದೆಂದರೆ ರಾಗಾದಿ ಭಾವಗಳು.

ಎಣ್ಣೆ ಮುಖದ ರಸಾಯನಶಾಸ್ತ್ರದ ಮೇಡಂಗೆ ಈ ಜಾಗ ಓದಿ ಖುಷಿಯಾಗದೆ ಇರುತ್ತದೆಯೇ? ಡಾಕ್ಟರ ಚೀಟಿ ಕೂಡ ಇದೇ ಕ್ರಮದಲ್ಲಿತ್ತು. ಮೊದಲು ತಲೆ ಎಣ್ಣೆ, ದಪ್ಪ ಕ್ರೀಮು ನಿಲ್ಲಿಸು ಎಂದದ್ದು ಸಂವರ. ಆಮೇಲೆ ಆಸಿಡ್ಡಿನಿಂದ ಕಳಚು ಎಂದದ್ದು ನಿರ್ಜರೆ. ನಿರ್ಜರೆಯಲ್ಲೂ ಎರಡು: ಕಾಲ ಬಂದಾಗ ಕರ್ಮ ಫಲ ಕೊಟ್ಟು ತಾನೇ ಉದುರುವುದು ಸವಿಪಾಕ, ತಪಸ್ಸಿನಿಂದ ಅವಧಿಗೆ ಮುಂಚೆ ಉದುರಿಸುವುದು ಅವಿಪಾಕ. ನಾಲ್ಕು ವಾರಕ್ಕೆ ತಾನೇ ಉದುರುವ ಪದರಕ್ಕೂ ಆಮ್ಲ ಅವಸರಿಸುವ ಪದರಕ್ಕೂ ಸರಿಯಾಗಿ ಹೊಂದುತ್ತದೆ. ಬರುವುದನ್ನು ತಡೆಯದೆ ಬರಿದೇ ಕಳಚುತ್ತ ಕೂತರೆ ಎರಡು ಕಡೆಯೂ ಕೆಲಸ ಮುಗಿಯುವುದಿಲ್ಲ.

ಹೋಲಿಕೆ ಇಷ್ಟು ಚೆನ್ನಾಗಿ ಕೂತಾಗಲೇ ಅನುಮಾನ ಪಡಬೇಕು. ಎಲ್ಲಿ ಬಿಟ್ಟುಕೊಳ್ಳುತ್ತದೆ ಎಂದು ನೋಡಿದಾಗ ನನಗೆ ಉತ್ತರ ಸಿಕ್ಕಿತು.

ಆತ್ಮಕ್ಕೆ ಎಣ್ಣೆ ಹೊರಗಿನದು. ರಾಗ ಆತ್ಮದ ಸ್ವಭಾವವಲ್ಲ, ಆದ್ದರಿಂದ ಪೂರ್ತಿ ಹೋಗಬಲ್ಲದು. ಹೋದ ಮೇಲೆ ಉಳಿಯುವುದೇ ನಿಜವಾದ ಆತ್ಮ. ಚರ್ಮಕ್ಕೆ ಎಣ್ಣೆ ಒಳಗಿನದು. ಅದನ್ನು ಸುರಿಸುವ ಗ್ರಂಥಿ ರಂಧ್ರದ ಪಕ್ಕದಲ್ಲೇ ಹುಟ್ಟಿನಿಂದ ಇದೆ. ಪೂರ್ತಿ ತೆಗೆದರೆ ಚರ್ಮ ಶುದ್ಧವಾಗುವುದಿಲ್ಲ, ಬಿರಿಯುತ್ತದೆ, ಉರಿಯುತ್ತದೆ. ಆರೋಗ್ಯವಾದ ಚರ್ಮದ ಮೇಲ್ಮೈಯೇ ತುಸು ಹುಳಿ, ಪಿಎಚ್ ಐದರ ಆಸುಪಾಸು. ಕೊಂಡಿ ಕತ್ತರಿಸುವ ಕಿಣ್ವಗಳು ಹದವಾಗಿ ನಡೆಯುವುದು ಆ ಹುಳಿಯಲ್ಲೇ. ಕ್ಷಾರದ ಸೋಪು ಹಾಕಿ ಕಿರ್ ಕಿರ್ ಎನ್ನುವ ತನಕ ತೊಳೆದರೆ ಕೆಡುವುದು ಇದೇ ವ್ಯವಸ್ಥೆ. ವಸ್ತುವಿನ ಸ್ವಭಾವವೇ ಅದರ ಧರ್ಮ ಎಂದು ಒಪ್ಪುವವರು ಎಣ್ಣೆ ಸುರಿಸುವುದು ಚರ್ಮದ ಧರ್ಮ ಎಂದು ಒಪ್ಪಬೇಕು. ತುಂಬುವುದು, ಸೋರುವುದು, ಉದುರುವುದು, ಮತ್ತೆ ತುಂಬುವುದು, ಚರ್ಮಕ್ಕೆ ಇದರಾಚೆ ಗತಿಯಿಲ್ಲ. ಚರ್ಮಕ್ಕೆ ಮೋಕ್ಷವಿಲ್ಲ.

ಈ ಕಾಲದ ಜಾಹೀರಾತು ಚರ್ಮದಿಂದ ಕೇಳುತ್ತಿರುವುದು ಮಾತ್ರ ಮೋಕ್ಷವನ್ನೇ. ರಂಧ್ರವೇ ಕಾಣದ ಮೂಗು, ಒಂದು ಚುಕ್ಕಿಯಿಲ್ಲದ ಕೆನ್ನೆ, ವಯಸ್ಸು ಮುಟ್ಟದ ಹಣೆ. ನಿರ್ಮಲ, ನಿರಂಜನ, ಅಕ್ಷಯ ಎಂದು ನಾವು ಮೋಕ್ಷ ಪಡೆದ ಸಿದ್ಧರಿಗೆ ಹೇಳುವ ವಿಶೇಷಣಗಳನ್ನು ಕ್ರೀಮಿನ ಡಬ್ಬಿಗೆ ಅಂಟಿಸಿದ್ದಾರೆ. ರಂಧ್ರಕ್ಕೆ ತೆರೆಯುವ ಮುಚ್ಚುವ ಸ್ನಾಯು ಕೂಡ ಇಲ್ಲ. ಬಿಸಿನೀರಿಗೆ ತೆರೆಯುವುದಿಲ್ಲ, ಐಸಿಗೆ ಮುಚ್ಚುವುದಿಲ್ಲ. ಬಿರಡೆ ಹೋದರೆ ಸಣ್ಣದಾಗಿ ಕಾಣುತ್ತದೆ, ಅಷ್ಟೇ. ಆತ್ಮದ ಗುರಿಯನ್ನು ದೇಹದ ಹೆಗಲಿಗೆ ಹೊರಿಸಿದರೆ ಇಬ್ಬರಿಗೂ ಅನ್ಯಾಯ. ಅದು ಸೌಂದರ್ಯದ ಆಸೆಗಿಂತ ಆಳವಾದ ತಪ್ಪು. ಎರಡು ಬೇರೆ ವಸ್ತುಗಳನ್ನು ಒಂದೇ ಎಂದು ತಿಳಿದ ತಪ್ಪು, ನಮ್ಮ ಮಾತಿನಲ್ಲಿ ಮಿಥ್ಯಾತ್ವ.

ನನ್ನ ತರಗತಿಯಲ್ಲಿ ಇದನ್ನು ಪ್ರತಿವರ್ಷ ನೋಡುತ್ತೇನೆ. ಹದಿನೇಳರ ಹುಡುಗಿಯೊಬ್ಬಳು ಮೊಡವೆಗೆ ನಿಂಬೆಹಣ್ಣು ತಿಕ್ಕಿಕೊಂಡು ಬಂದಿದ್ದಳು. ನಿಂಬೆರಸದ ಪಿಎಚ್ ಎರಡರ ಸುತ್ತ, ಮೇಲೆ ಮೈಸೂರಿನ ಏಪ್ರಿಲ್ ಬಿಸಿಲು. ಕೆನ್ನೆ ಸುಟ್ಟು ಕಪ್ಪು ಪಟ್ಟೆ ಎದ್ದಿತ್ತು. ನಮ್ಮಂಥ ಗೋಧಿಬಣ್ಣದ, ಕಪ್ಪುಬಣ್ಣದ ಚರ್ಮ ಉರಿ ತಿಂದರೆ ತಿಂಗಳುಗಟ್ಟಲೆ ಕಲೆ ಉಳಿಸಿಕೊಳ್ಳುತ್ತದೆ. ಯಾಕಮ್ಮ ಹೀಗೆ ಮಾಡಿಕೊಂಡೆ ಎಂದರೆ, ‘ಮಿಸ್, ನನ್ ಮುಖ ನೋಡಿದ್ರೆ ನಂಗೇ ಅಸಹ್ಯ’ ಅಂದಳು. ಚೆನ್ನಾಗಿ ಕಾಣಬೇಕು ಎನ್ನುವ ಆಸೆ ಆ ಮಾತಿನಲ್ಲಿ ಇರಲಿಲ್ಲ. ಅಲ್ಲಿದ್ದದ್ದು ಜುಗುಪ್ಸೆ.

ಜುಗುಪ್ಸೆಯ ಬಗ್ಗೆ ಶಾಸ್ತ್ರದ ನಿಲುವು ಸ್ಪಷ್ಟ. ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳು, ಮೂರನೆಯದು ನಿರ್ವಿಚಿಕಿತ್ಸೆ, ಹೇಸದಿರುವುದು. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ವಿವರಿಸುವಾಗ ದೇಹ ಸ್ವಭಾವದಿಂದ ಅಶುಚಿ ಎಂಬುದನ್ನು ಬಿಟ್ಟುಕೊಡುವುದಿಲ್ಲ. ಆದರೂ ಅದಕ್ಕೆ ಹೇಸಬೇಡ, ಗುಣಕ್ಕೆ ಒಲಿ ಎನ್ನುತ್ತಾರೆ. ಇದಕ್ಕೆ ಉದಾಹರಣೆ ಉದ್ದಾಯನ ರಾಜ. ರೋಗದಿಂದ ಮೈ ಕೊಳೆತ ಮುನಿಯ ವೇಷದಲ್ಲಿ ದೇವನೊಬ್ಬ ಪರೀಕ್ಷೆಗೆ ಬಂದು, ಆಹಾರ ತಿಂದು ಅಲ್ಲೇ ವಾಂತಿ ಮಾಡಿದಾಗ, ಉದ್ದಾಯನ ಮುಖ ತಿರುಗಿಸದೆ ತನ್ನ ಕೈಯಿಂದ ತೊಳೆದ. ಆ ಕೈ ತೊಳೆದದ್ದು ಹೇಗಿರಬಹುದು ಎಂದು ಯೋಚಿಸುತ್ತೇನೆ. ಗಸಗಸ ಉಜ್ಜಿರಲಾರ. ಹೇಸಿಗೆ ಇದ್ದವರು ಮಾತ್ರ ಹಾಗೆ ಉಜ್ಜುತ್ತಾರೆ.

ಅಶುಚಿ ಭಾವನೆಯನ್ನು ಹೇಳಿದವರೇ ಹೇಸಬೇಡ ಎಂದೂ ಹೇಳಿದರೆ ಎರಡೂ ಕೂಡುವುದು ಹೇಗೆ? ಉತ್ತರ ಅನುಪ್ರೇಕ್ಷೆಗಳ ಕ್ರಮದಲ್ಲೇ ಇದೆ ಎಂದು ನನಗನ್ನಿಸುತ್ತದೆ. ಆರನೆಯದು ಅಶುಚಿ, ಅದಕ್ಕೆ ಮೊದಲಿನ ಐದನೆಯದು ಅನ್ಯತ್ವ: ಈ ದೇಹ ನಾನಲ್ಲ, ಬೇರೆ. ಮೊದಲು ಬೇರೆ ಎಂದು ತಿಳಿದವಳು ಆಮೇಲೆ ಅಶುಚಿ ಎಂದರೆ ಅದರಲ್ಲಿ ನೋವಿಲ್ಲ, ಹೇಸಿಗೆಯೂ ಇಲ್ಲ. ಒಂದು ವಸ್ತುವಿನ ಗುಣ ಹೇಳಿದಂತೆ, ಅಷ್ಟೇ. ಐದನ್ನು ಹಾರಿ ನೇರ ಆರಕ್ಕೆ ಬಂದವಳಿಗೆ ದೇಹ ಇನ್ನೂ ‘ನಾನು’ ಆಗಿರುತ್ತದೆ, ಆಗ ಅಶುಚಿ ಎಂದರೆ ‘ನಾನೇ ಅಸಹ್ಯ’ ಎಂದಾಗುತ್ತದೆ. ನಿಂಬೆಹಣ್ಣಿನ ಹುಡುಗಿಗೆ ಆದದ್ದು ಅದು. ಚರ್ಮದ ಮಾತೆತ್ತಿದರೇ ಮೋಹ ಎಂದು ಮೂಗು ಮುರಿಯುವ ಕೆಲವು ಧರ್ಮಿಷ್ಠರಿಗೆ ಆಗಿರುವುದೂ ಅದೇ. ರಾಗದಿಂದ ಬಂಧವಾಗುವಂತೆ ದ್ವೇಷದಿಂದಲೂ ಬಂಧವೇ. ಮುಖವನ್ನು ಮುದ್ದಿಸುವವಳಷ್ಟೇ ಮುಖವನ್ನು ದ್ವೇಷಿಸುವವಳೂ ಮುಖಕ್ಕೆ ಕಟ್ಟುಬಿದ್ದವಳು.

2018ರ ಫೆಬ್ರವರಿಯ ಮಹಾಮಸ್ತಕಾಭಿಷೇಕದಲ್ಲಿ ಚಿಕ್ಕಮ್ಮನ ಜೊತೆ ದೊಡ್ಡಬೆಟ್ಟ ಹತ್ತಿದ್ದೆ. ಅಟ್ಟಣಿಗೆಯ ಮೇಲಿನಿಂದ ಕಬ್ಬಿನ ಹಾಲು, ಹಾಲು, ಅಕ್ಕಿಹಿಟ್ಟು, ಅರಿಶಿನ, ಚಂದನ ಒಂದಾದ ಮೇಲೊಂದು ಇಳಿದು, ಬೂದುಗಲ್ಲಿನ ಮೈ ಬಿಳಿಯಾಗಿ, ಹಳದಿಯಾಗಿ, ಕೆಂಪಾಗಿ ತಿರುಗುತ್ತಿತ್ತು. ಅರಿಶಿನದ ನೀರು ತುಟಿಯ ಅಂಚಿನಲ್ಲಿ ಒಂದು ಗಳಿಗೆ ನಿಂತು ಎದೆಗೆ ಜಾರಿತು. ಕಬ್ಬು, ಹಾಲು, ಹಿಟ್ಟು ಕಂಡಾಗ ನನ್ನ ವೃತ್ತಿಯ ಮನಸ್ಸು ಗ್ಲೈಕಾಲಿಕ್, ಲ್ಯಾಕ್ಟಿಕ್ ಎಂದು ಎಣಿಸಿದ್ದು ಸುಳ್ಳಲ್ಲ. ಆಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಕಾಲಿಗೆ, ತೋಳಿಗೆ ಬಳ್ಳಿ ಹಬ್ಬಿಸಿದ ಶಿಲ್ಪಿ ಮುಖಕ್ಕೆ ಒಂದು ಎಲೆಯನ್ನೂ ತಾಗಿಸಿಲ್ಲ. ದೇಹ ಬಿಟ್ಟವನ ಮುಖವನ್ನೂ ನಯವಾಗಿಯೇ ಕಡೆದಿದ್ದಾನೆ. ಬಿಡುವುದು ಎಂದರೆ ಕೆಡಿಸುವುದು ಎಂದು ಅವನು ತಿಳಿದಿರಲಿಲ್ಲ.

ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಸನತ್ಕುಮಾರ ಚಕ್ರವರ್ತಿಯದೂ ಒಂದು. ನಮ್ಮ ಮನೆಗಳಲ್ಲಿ ಈ ಕಥೆಯನ್ನು ಹೀಗೆ ಹೇಳುತ್ತಾರೆ. ಅವನ ರೂಪದ ಸುದ್ದಿ ಕೇಳಿ ದೇವತೆಗಳು ನೋಡಲು ಬಂದರು. ಆಗ ಅವನು ಮೈಗೆ ಎಣ್ಣೆ ಹಚ್ಚಿಕೊಂಡಿದ್ದ. ಹೀಗೆ ನೋಡಬೇಡಿ, ಮಿಂದು ಅಲಂಕರಿಸಿಕೊಂಡು ಸಭೆಗೆ ಬಂದಾಗ ನೋಡಿ ಎಂದ. ಸಭೆಯಲ್ಲಿ ನೋಡಿದ ದೇವತೆಗಳು ತಲೆ ಅಲ್ಲಾಡಿಸಿದರು. ಎಣ್ಣೆಮೈಯಲ್ಲಿ ಕಂಡ ರೂಪ ಈಗಾಗಲೇ ಇಳಿದಿದೆ ಎಂದರು. ಚಕ್ರವರ್ತಿಗೆ ವೈರಾಗ್ಯ ಬಂತು. ಮುಂದೆ ತಪಸ್ಸಿನಲ್ಲಿ ಅವನ ಚರ್ಮಕ್ಕೆ ಭಯಂಕರ ರೋಗಗಳು ಬಂದವು. ದೇವನೊಬ್ಬ ವೈದ್ಯನ ವೇಷದಲ್ಲಿ ಬಂದು ವಾಸಿಮಾಡುತ್ತೇನೆ ಎಂದ. ಹುಟ್ಟುಸಾವಿನ ರೋಗಕ್ಕೆ ಮದ್ದಿದ್ದರೆ ಕೊಡು, ಚರ್ಮದ್ದಕ್ಕೆ ಬೇಡ ಎಂದು ಮುನಿ ಹೇಳಿದ. ವೈದ್ಯ ಆ ಮದ್ದು ತನ್ನಲ್ಲಿಲ್ಲ ಎಂದು ಒಪ್ಪಿಕೊಂಡ.

ಈ ಕಥೆಯನ್ನು ವೈದ್ಯನ ಸೋಲು ಎಂದು ಹೇಳುವುದು ವಾಡಿಕೆ. ನನಗೆ ಹಾಗೆ ತೋರುವುದಿಲ್ಲ. ಅವನ ಚೀಲದಲ್ಲಿ ಚರ್ಮದ ಮದ್ದು ನಿಜವಾಗಿ ಇತ್ತು, ಇನ್ನೊಂದು ರೋಗದ ಮದ್ದು ಇರಲಿಲ್ಲ, ಇಲ್ಲ ಎಂದು ಹೇಳುವ ಪ್ರಾಮಾಣಿಕತೆ ಇತ್ತು. ಒಳ್ಳೆಯ ವೈದ್ಯನಿಗೆ ಇಷ್ಟು ಸಾಕು. ಎರಡು ಪರ್ಸೆಂಟ್ ಆಮ್ಲದಿಂದಲೂ ನಾನು ಇಷ್ಟನ್ನೇ ಕೇಳುವುದು. ಗದ್ದದ ತರಿ ತೆಗೆ, ಬಿರಡೆ ಸಡಿಲಿಸು, ಉರಿಸಬೇಡ; ನನ್ನನ್ನು ನನಗೆ ಒಪ್ಪಿಗೆಯಾಗುವ ಹಾಗೆ ಮಾಡು ಎಂದು ಕೇಳುವುದಿಲ್ಲ, ಅದು ಅದರ ಕೆಲಸವಲ್ಲ. ಚಿಕ್ಕಮ್ಮ ಹೇಳಿದ ಬೇರೆ ಕಳಚುವಿಕೆ ಬಾಕಿ ಇದ್ದೇ ಇದೆ, ಅದಕ್ಕೆ ಬೇರೆ ಹೊತ್ತು, ಬೇರೆ ಸಾಧನೆ. ಎರಡರ ನಡುವಿನ ಗೆರೆ ಅಳಿಸದಿದ್ದರೆ ಮೂಗಿಗೆ ಎರಡು ಹನಿ ಹಚ್ಚಿಕೊಂಡದ್ದರಿಂದ ಧರ್ಮಕ್ಕೆ ಯಾವ ಊನವೂ ಬರುವುದಿಲ್ಲ. ಗೆರೆ ಅಳಿಸಿದವರಿಗೆ ಮಾತ್ರ, ಹಚ್ಚಿಕೊಂಡರೂ ಬಂಧ, ಬಿಟ್ಟರೂ ಬಂಧ.